ಬೆಣೆ ಕೀಳಲು ಹೋದ ಮಂಗ

ಹಳೆಯ ಮಾದರಿಯ ರಿವಾಲ್ವರೊಂದರ ಬೆಣೆಯನ್ನು ಹೆಬ್ಬೆರಳಿನಿಂದ ಒತ್ತಿದೆ, ಬರಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿದೆ, ಆಗಲೂ ಬರಲಿಲ್ಲ. ಕೊನೆಗೆ ಗ್ಯಾರೇಜಿನ ಮೂಲೆಯಲ್ಲಿದ್ದ ಮರದ ಕೊಡತಿ ತಂದು ಒಂದು ಏಟು ಹಾಕಿದೆ. ಅಲುಗಿತು. ಆ ಸಂತೋಷಕ್ಕೆ ಇನ್ನೆರಡು ಏಟು ಬಿದ್ದವು. ಆಮೇಲೆ ಕನ್ನಡಕ ಏರಿಸಿಕೊಂಡು ನೋಡಿದರೆ ಬೆಣೆ ಹೊರಗೆ ಬಂದಿರಲಿಲ್ಲ, ಇನ್ನಷ್ಟು ಒಳಗೆ ಹೋಗಿತ್ತು.

ನನ್ನ ಹೊಟ್ಟೆಪಾಡು ಅಳತೆಯದ್ದು. ಅಮೆರಿಕದ ಒಹಾಯೋ ರಾಜ್ಯದ ಸಿನ್ಸಿನಾಟಿಯ ಹೊರವಲಯದ ಕಾರ್ಖಾನೆಯೊಂದರಲ್ಲಿ ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು, ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಹೆಚ್ಚುಕಡಿಮೆ ಕಂಡರೂ ಹಿಂದಕ್ಕೆ ಕಳುಹಿಸುವುದು ನನ್ನ ಕೆಲಸ. ಅಂಥವನು ಒಂದು ವಸ್ತುವನ್ನು ಮಗ್ಗುಲು ತಿರುಗಿಸಿಯೂ ನೋಡದೆ ಕೊಡತಿ ಎತ್ತಿದ್ದನ್ನು ಕಚೇರಿಯಲ್ಲಿ ಇಂದಿಗೂ ಯಾರಿಗೂ ಹೇಳಿಲ್ಲ. ಅವರಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯದಿಂದ ಇಲ್ಲಿ ಬರೆಯುತ್ತಿದ್ದೇನೆ.

ವಸ್ತು ಯಾವುದೆಂದರೆ, ಕೋಲ್ಟ್ ಕಂಪನಿಯ 1851ರ ‘ನೇವಿ’ ರಿವಾಲ್ವರಿನ ಪ್ರತಿಕೃತಿ. ಮೂಲದ್ದು 1873ರವರೆಗೆ ತಯಾರಾಗುತ್ತಿತ್ತು. ಅದನ್ನು ಇಂದು ಕೊಳ್ಳಬೇಕೆಂದರೆ ನನ್ನಂಥವನು ಮನೆ ಅಡವಿಡಬೇಕು. ಪ್ರತಿಕೃತಿಗಳು ಹೆಚ್ಚಾಗಿ ಬರುವುದು ಇಟಲಿಯಿಂದ. ಬ್ರೆಷಿಯಾ ಪ್ರಾಂತ್ಯದ ಗಾರ್ಡೋನೆ ವಾಲ್ ಟ್ರೊಂಪಿಯಾ ಎಂಬ ಕಣಿವೆಯ ಊರಿನವರು ಶತಮಾನಗಳಿಂದ ಕೋವಿಯ ಕಸುಬಿನವರು. ಇದಕ್ಕೆ ತೋಟಾ ಹಾಕುವಂತಿಲ್ಲ. ಸಿಲಿಂಡರಿನ ಆರು ಗೂಡುಗಳಿಗೆ ಮುಂದಿನ ಬಾಯಿಂದ ಕರಿಮದ್ದು ಸುರಿದು, ಸೀಸದ ಗುಂಡಿಟ್ಟು, ನಳಿಗೆಯ ಕೆಳಗಿರುವ ಸನ್ನೆಯಿಂದ (ಸಣ್ಣ ಸನ್ನೆಕೋಲು) ಜಡಿದು, ಹಿಂದಿನ ಆರು ನಿಪ್ಪಲುಗಳಿಗೆ, ಅಂದರೆ ಗೂಡಿಗೆ ಕಿಡಿ ಸಾಗಿಸುವ ತೂತಿನ ಮೊಳೆಗಳಿಗೆ, ಒಂದೊಂದು ಕೇಪು, ಅಂದರೆ ಹೊಡೆದರೆ ಸಿಡಿಯುವ ತಾಮ್ರದ ಪುಟ್ಟ ಟೊಪ್ಪಿ, ಕೂರಿಸಬೇಕು. ನಮ್ಮ ಮಲೆನಾಡಿನ ಕೇಪಿನ ಕೋವಿಯನ್ನು ಆರರಿಂದ ಗುಣಿಸಿ ಅಂಗೈಗೆ ಇಳಿಸಿದರೆ ಹೇಗೋ ಹಾಗೆ. ತೋಟಾ ಬಳಸದ ಇಂಥ ಪ್ರತಿಕೃತಿಯನ್ನು ಅಮೆರಿಕದ ಕೇಂದ್ರ ಕಾನೂನು ಹಳೆಯ ಕಾಲದ ಆಯುಧವೆಂದೇ ಎಣಿಸುತ್ತದೆ. ರಾಜ್ಯ ರಾಜ್ಯಕ್ಕೆ ಕಾನೂನು ಬೇರೆ, ಅದನ್ನು ನೋಡಿಕೊಂಡೇ ಕೊಂಡೆ. ಭಾರತದಲ್ಲಿ ಪರವಾನಗಿ ಇಲ್ಲದೆ ಇದನ್ನು ಮುಟ್ಟುವಂತಿಲ್ಲ.

ಕೊಂಡಿದ್ದಾದರೂ ಏಕೆ ಎಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕೇಪಿನ ಕೋವಿ ಇದೆ. ಅಡಿಕೆ ತೋಟಕ್ಕೆ ಬರುವ ಮಂಗಗಳನ್ನು ಹೆದರಿಸಲು ಅಜ್ಜ ಗುಂಡಿಲ್ಲದೆ ಬರೀ ಮದ್ದು ಜಡಿದು ಈಡು ಹೊಡೆಯುತ್ತಿದ್ದರು. ಮದ್ದು ಜಡಿಯುವ ಸರಳು, ಅದೇ ಗಜ, ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುವ ಕೆಲಸ ನನ್ನದು. ಆ ಹೊಗೆಯ ವಾಸನೆ ಮೂಗಿನಲ್ಲಿ ಉಳಿದುಕೊಂಡುಬಿಟ್ಟಿದೆ. ಇಲ್ಲಿಂದ ಪಶ್ಚಿಮಕ್ಕೆ ಒಂದೂಕಾಲು ಗಂಟೆಯ ದಾರಿಯಲ್ಲಿ, ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ, 1933ರಲ್ಲಿ ಹುಟ್ಟಿದ ಕರಿಮದ್ದಿನ ಕೋವಿಗಾರರ ರಾಷ್ಟ್ರೀಯ ಸಂಘದ ಮೈದಾನವಿದೆ. ಅಲ್ಲಿಯ ಸ್ಪರ್ಧೆ ನೋಡಲು ಹೋದ ದಿನ ಅದೇ ವಾಸನೆ ಬಡಿಯಿತು. ಮುಂದಿನ ತಿಂಗಳು ಯಾರೋ ಮಾರುತ್ತಿದ್ದ ಹಳೆಯ ಪ್ರತಿಕೃತಿಯೊಂದು ನನ್ನ ಮೇಜಿನ ಮೇಲಿತ್ತು. ಹೊಸದರ ಅರ್ಧ ಬೆಲೆ. ಆ ಅರ್ಧ ಬೆಲೆಗೆ ಕಾರಣ ಏನೆಂದು ಈಗ ಹೇಳುತ್ತೇನೆ.

ಈ ರಿವಾಲ್ವರಿಗೆ ಸಿಲಿಂಡರಿನ ಮೇಲಿಂದ ಹಾಯ್ದು ಚೌಕಟ್ಟನ್ನು ನಳಿಗೆಗೆ ಸೇರಿಸುವ ಮೇಲುಪಟ್ಟಿ ಇಲ್ಲ. ಚೌಕಟ್ಟಿನಿಂದ ಮುಂದಕ್ಕೆ ಚಾಚಿದ ಒಂದು ದಪ್ಪ ಉಕ್ಕಿನ ಗೂಟ, ಆ ಗೂಟದ ಮೇಲೆ ಸುತ್ತುವ ಸಿಲಿಂಡರ್, ಅದರ ಮುಂದೆ ಅದೇ ಗೂಟಕ್ಕೆ ತೂರಿಸಿದ ನಳಿಗೆ. ಇಷ್ಟನ್ನೂ ಹಿಡಿದಿಡುವುದು ನಳಿಗೆಯನ್ನೂ ಗೂಟವನ್ನೂ ಅಡ್ಡಲಾಗಿ ಹಾಯ್ದು ಹೋಗುವ, ಕಿರುಬೆರಳಿನ ಉದ್ದದ ಒಂದು ಚಪ್ಪಟೆ ಬೆಣೆ. ಎತ್ತಿನ ಗಾಡಿಯ ಕಡಾಣಿ ಇದ್ದಂತೆ. ಬೆಣೆಯ ಅಗಲದ ತಲೆ ಎಡಕ್ಕೆ, ಕಿರಿದಾದ ತುದಿ ಬಲಕ್ಕೆ. ತುದಿಯಲ್ಲಿ ಉಗುರಿನಷ್ಟು ಸ್ಪ್ರಿಂಗ್ ಇದ್ದು ಅದರ ಕೊಕ್ಕೆ ಬಲಗಡೆ ಹೊರಚಾಚಿ ಕಚ್ಚಿಕೊಂಡಿರುತ್ತದೆ. ಆ ಕೊಕ್ಕೆಯನ್ನು ಒತ್ತಿ, ಬಲಗಡೆಯಿಂದ ಎಡಕ್ಕೆ ತಳ್ಳಬೇಕು. ನಾನು ಬಡಿದದ್ದು ಎಡಗಡೆಯಿಂದ.

ಬಡಿದ ಮೇಲೆ ಇನ್ನೊಂದು ತಪ್ಪು ಮಾಡಿದೆ. ಆರು ಗೂಡುಗಳೂ ಬರಿದು, ನಿಪ್ಪಲುಗಳ ಮೇಲೆ ಕೇಪಿಲ್ಲ ಎಂಬುದನ್ನು ಮೊದಲೇ ನೋಡಿಕೊಂಡಿದ್ದೆ, ಆ ಮಟ್ಟಿಗೆ ಬುದ್ಧಿ ನೆಟ್ಟಗಿತ್ತು. ಆದರೆ ಸಿಲಿಂಡರ್ ತಿರುಗುತ್ತದೆಯೇ ನೋಡೋಣ ಎಂದು ಕುದುರೆ ಎಳೆದೆ. (ಹ್ಯಾಮರಿಗೆ ನಮ್ಮ ಕಡೆ ಕುದುರೆ ಎನ್ನುತ್ತಾರೆ, ನನಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ.) ಅರ್ಧಕ್ಕೆ ನಿಂತಿತು. ಎರಡೂ ಹೆಬ್ಬೆರಳು ಸೇರಿಸಿ ಎಳೆದೆ. ಒಳಗೆಲ್ಲೋ ‘ಚಟ್’ ಎಂದಿತು. ಮನೆಯಲ್ಲಿ ಹೊಸ ಗಾಜಿನ ಲೋಟ ಬಿದ್ದಾಗ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರಲ್ಲ, ಹಾಗೆ ನಾನೊಬ್ಬನೇ ಸುಮ್ಮನಾದೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ನಲವತ್ತು ವರ್ಷ ಟೂಲ್‌ರೂಮಿನಲ್ಲಿ ದುಡಿದವರು, ಈಗಲೂ ನೆಲಮಾಳಿಗೆಯಲ್ಲಿ ಲೇತ್ ಇಟ್ಟುಕೊಂಡವರು. ಅವರ ಬಳಿ ಒಯ್ದೆ. ತಿರುಗಿಸಿ ನೋಡಿ, “ಯಾವ ಕಡೆಯಿಂದ ಹೊಡೆದಿರಿ?” ಎಂದರು. ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. ರಾತ್ರಿ ಫೋನಿನಲ್ಲಿ ಅಪ್ಪಯ್ಯ ಮಾತ್ರ ಮನಸಾರೆ ನಕ್ಕರು. “ಮರ ಸೀಳುವಲ್ಲಿ ಬೆಣೆ ಕಿತ್ತ ಮಂಗನ ಕತೆ ನಿನಗೆ ಎರಡನೇ ಕ್ಲಾಸಿನಲ್ಲೇ ಹೇಳಿದ್ದೆನಲ್ಲ ಮಾರಾಯ” ಎಂದರು.

ಮುಂದಿನದು ಅವಸರವಿಲ್ಲದ ಕೆಲಸ. ಬೆಣೆಯ ಮೇಲಿನ ಪುಟ್ಟ ತಿರುಪು ತೆಗೆದು, ಎರಡೂ ಬದಿಯಿಂದ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ರಾತ್ರಿಗೊಂದು ಬೆಳಿಗ್ಗೆಗೊಂದು ಹನಿಯಂತೆ ಎರಡು ದಿನ ಇಟ್ಟೆವು. ಮೂರನೆಯ ದಿನ ಬೆಣೆಯ ತಲೆ ಹೊರಬರಲು ಜಾಗವಿರುವಂತೆ ತೋಡಿದ ಮರದ ದಿಮ್ಮಿಯ ಮೇಲೆ ರಿವಾಲ್ವರನ್ನು ಎಡಮಗ್ಗುಲಿಗೆ ಮಲಗಿಸಿ, ಬಲದ ತುದಿಗೆ ಹಿತ್ತಾಳೆಯ ಪಂಚ್ ಇಟ್ಟು, ಹಿರಿಯರು ಸಣ್ಣ ಸುತ್ತಿಗೆಯಿಂದ ತಟ್ಟಿದರು. ಹಿತ್ತಾಳೆಯೇ ಏಕೆಂದರೆ ಅದು ಉಕ್ಕಿಗಿಂತ ಮೆದು. ಪೆಟ್ಟು ತಾನು ತಿಂದು ಬೆಣೆಯನ್ನು ಉಳಿಸುತ್ತದೆ. ನಾಲ್ಕನೆಯ ತಟ್ಟಿಗೆ ಸದ್ದು ಬದಲಾಯಿತು. ‘ಟಣ್’ ಎನ್ನುತ್ತಿದ್ದದ್ದು ‘ಟಪ್’ ಎಂದಿತು. “ಬಂತು” ಎಂದರು, ಕಣ್ಣಿಗೆ ಏನೂ ಕಾಣುವ ಮೊದಲೇ.

ಬೆಣೆ ಹೋದರೂ ನಳಿಗೆ ಗೂಟ ಬಿಡಲಿಲ್ಲ. ಇದಕ್ಕೊಂದು ಹಳೆಯ ಉಪಾಯವಿದೆ: ಗುಂಡು ಜಡಿಯುವ ಸನ್ನೆಯನ್ನೇ ಇಳಿಸಿ, ಅದರ ತುದಿ ಗೂಡಿನೊಳಗೆ ಹೋಗದಂತೆ ಎರಡು ಗೂಡುಗಳ ನಡುವಿನ ದಪ್ಪ ಭಾಗಕ್ಕೆ ತಾಗಿಸಿ ಒತ್ತಿದರೆ ನಳಿಗೆ ತಾನೇ ಮುಂದಕ್ಕೆ ಜಾರುತ್ತದೆ. ಜಾರಿತು. ಹಿಂದೆಯೇ ಸಿಲಿಂಡರ್ ಬರಬೇಕಿತ್ತು. ಅದು ಗೂಟಕ್ಕೆ ಅಂಟಿಕೊಂಡಿತ್ತು.

ಅಂಟು ಎಂದರೆ ಹಳೆಯ ಮಾಲೀಕ ಬಿಟ್ಟುಹೋದ ಆಸ್ತಿ. ಕರಿಮದ್ದು ಎಂದರೆ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ತೂಕ ಹೊಗೆಯಾಗಿಯೂ ಮಸಿಯಾಗಿಯೂ ಘನರೂಪದಲ್ಲೇ ಉಳಿಯುತ್ತದೆ. ಆ ಮಸಿಯಲ್ಲಿರುವ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತವೆ. ಅದೇ ದಿನ ನೀರಿನಿಂದ ತೊಳೆದರೆ ಮಸಿ ಸುಲಭವಾಗಿ ಬಿಡುತ್ತದೆ. ತೊಳೆಯದೆ ಮೇಲೆ ಪೆಟ್ರೋಲಿಯಂ ಎಣ್ಣೆ ಸುರಿದಿಟ್ಟರೆ ಮಸಿಯೂ ಎಣ್ಣೆಯೂ ಸೇರಿ ಡಾಂಬರಾಗುತ್ತದೆ. ಇಲ್ಲಿ ಡಾಂಬರೇ ಆಗಿತ್ತು. ಮರದ ಹಿಡಿ ಬಿಚ್ಚಿಟ್ಟು ಉಳಿದದ್ದನ್ನು ಬಕೆಟ್ ಬಿಸಿನೀರಿಗೆ ಇಳಿಸಿದೆ, ಪಾತ್ರೆ ತೊಳೆಯುವ ಸೋಪು ಹಾಕಿದೆ. ಅರ್ಧ ಗಂಟೆಯಲ್ಲಿ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಸಿಲಿಂಡರ್ ಕೈಗೆ ಬಂತು. ಆರು ನಿಪ್ಪಲುಗಳಲ್ಲಿ ನಾಲ್ಕು ಸುಲಭವಾಗಿ ಕಳಚಿದವು, ಒಂದು ಬೈಸಿಕೊಂಡು ಬಂತು, ಇನ್ನೊಂದಕ್ಕೆ ಮತ್ತೆರಡು ದಿನ ಎಣ್ಣೆಯ ಉಪಚಾರ ಬೇಕಾಯಿತು. ಸ್ಪ್ಯಾನರ್ ಸಡಿಲವಿದ್ದರೆ ನಿಪ್ಪಲಿನ ಮೂಲೆ ಸವೆದು ಆಮೇಲೆ ಯಾವ ದೇವರೂ ಅದನ್ನು ತಿರುಗಿಸಲಾರ. ಹಾಗಾಗಿ ಸರಿಯಾದ ಅಳತೆಯ ಸ್ಪ್ಯಾನರ್ ಒಂದನ್ನು ತರಿಸಿಕೊಂಡೆ. ಈ ಇಡೀ ಪ್ರಕರಣದಲ್ಲಿ ನಾನು ಬುದ್ಧಿಯಿಂದ ಖರ್ಚು ಮಾಡಿದ ಹಣ ಅದೊಂದೇ.

ತೊಳೆದು, ಒರೆಸಿ, ಒಲೆಯ ಹತ್ತಿರ ಆರಿಸಿ ಮತ್ತೆ ಜೋಡಿಸಿದೆ. ಸಿಲಿಂಡರ್ ಅಲುಗಲಿಲ್ಲ. ಬೆಣೆಯನ್ನು ತುಸು ಹಿಂದೆಳೆದರೆ ತಿರುಗುತ್ತದೆ, ತುಸು ಒತ್ತಿದರೆ ನಿಲ್ಲುತ್ತದೆ. ಇದು ನಲ್ಲಿಯೋ ರಿವಾಲ್ವರೋ?

ಗೂಟದ ತುದಿ ನಳಿಗೆಯೊಳಗಿನ ಕುಳಿಯ ತಳಕ್ಕೆ ತಾಗಿ ನಿಲ್ಲಬೇಕು. ಹಾಗೆ ನಿಂತರೆ ಬೆಣೆ ಎಷ್ಟು ಬಿಗಿಯಾದರೂ ನಳಿಗೆ ಅಲ್ಲಿಂದ ಹಿಂದಕ್ಕೆ ಬರಲಾರದು. ಗೂಟ ಗಿಡ್ಡವಿದ್ದರೆ ತಳ ಸಿಗುವುದಿಲ್ಲ. ಬೆಣೆ ಒಳಹೋದಷ್ಟೂ ನಳಿಗೆ ಹಿಂದೆ ಸರಿದು ಸಿಲಿಂಡರಿನ ಮುಖಕ್ಕೆ ಒತ್ತುತ್ತದೆ. ಪರೀಕ್ಷೆ ಸುಲಭ. ಸಿಲಿಂಡರ್ ತೆಗೆದಿಟ್ಟು, ನಳಿಗೆಯನ್ನು ಓರೆಯಾಗಿ ತಿರುಗಿಸಿ ಗೂಟಕ್ಕೆ ತಳ ಸಿಗುವವರೆಗೆ ತೂರಿಸಬೇಕು. ಆಗ ನಳಿಗೆಯ ಕೆಳತುದಿ ಚೌಕಟ್ಟಿನ ಮುಖಕ್ಕೆ ಸಮನಾಗಿ ನಿಲ್ಲಬೇಕು, ಅದನ್ನು ದಾಟಿ ಹಿಂದಕ್ಕೆ ಹೋಗಬಾರದು. ನನ್ನದು ಎರಡೂವರೆ ಮಿಲಿಮೀಟರ್ ದಾಟಿತು. ಅಳತೆಯ ಮನುಷ್ಯನಿಗೆ ಇದಕ್ಕಿಂತ ಸಮಾಧಾನದ ಸುದ್ದಿ ಯಾವುದಿದೆ? ತಪ್ಪಿಗೆ ಸಂಖ್ಯೆ ಸಿಕ್ಕಿತು. ಹಿರಿಯರು ಹಿತ್ತಾಳೆಯ ಸರಳಿನಿಂದ ಒಂದು ಬಿಲ್ಲೆ ಕತ್ತರಿಸಿಕೊಟ್ಟರು, ಬೇಕೆಂದೇ ತುಸು ದಪ್ಪ. ಅದನ್ನು ಕುಳಿಯ ತಳಕ್ಕೆ ಇಳಿಸುವುದು, ಜೋಡಿಸುವುದು, ಸಿಲಿಂಡರಿಗೂ ನಳಿಗೆಗೂ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸುವುದು, ಬಿಚ್ಚುವುದು, ಅರದಿಂದ ಎರಡು ಎಳೆತ ಎಳೆಯುವುದು. ಹದಿನೇಳು ಸಲ. ಸಂದು 0.15 ಮಿಲಿಮೀಟರಿಗೆ ಬಂದಾಗ ನಿಲ್ಲಿಸಿದೆ. ಇದಕ್ಕಿಂತ ಕಡಿಮೆಯಾದರೆ ಹತ್ತು ಈಡಿಗೇ ಮಸಿ ತುಂಬಿ ಸಿಲಿಂಡರ್ ಕಚ್ಚಿಕೊಳ್ಳುತ್ತದೆ. ಈಗ ಬೆಣೆಯನ್ನು ಹೇಗೆ ಒತ್ತಿದರೂ ಸಂದು ಅಷ್ಟೇ.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಆ ‘ಚಟ್’ ಬಾಕಿ ಇತ್ತಲ್ಲ.

ಕುದುರೆಯನ್ನು ನಿಧಾನವಾಗಿ ಎಳೆದಾಗ ಒಳಗೆ ಏನಾಗಬೇಕು ಎಂಬುದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ. ಸಿಲಿಂಡರನ್ನು ಹಿಡಿದು ನಿಲ್ಲಿಸುವುದು ಕೆಳಗಿನಿಂದ ಮೂತಿ ಚಾಚುವ ಒಂದು ಉಕ್ಕಿನ ತುಂಡು. ಇಂಗ್ಲಿಷಿನಲ್ಲಿ ಬೋಲ್ಟ್, ಮಾಡುವುದು ಬಾಗಿಲ ಅಗುಳಿಯ ಕೆಲಸ, ಅಗುಳಿ ಎಂದೇ ಕರೆಯೋಣ. ಕುದುರೆ ಎಳೆಯುತ್ತಿದ್ದಂತೆ ಮೊದಲು ಅಗುಳಿ ತಗ್ಗುತ್ತದೆ. ಆಗ ಕುದುರೆಯ ಮಗ್ಗುಲಿಗೆ ಅಂಟಿಕೊಂಡ ಸಪೂರ ಬೆರಳೊಂದು ಮೇಲೇರಿ ಸಿಲಿಂಡರಿನ ಬೆನ್ನಿನ ಹಲ್ಲನ್ನು ತಳ್ಳುತ್ತದೆ; ಸಿಲಿಂಡರ್ ಆರರಲ್ಲೊಂದು ಸುತ್ತು ಹೊರಳುತ್ತದೆ. ಅಗುಳಿ ಕೂರಲೆಂದು ಸಿಲಿಂಡರಿನ ಮೈಯಲ್ಲಿ ಕೊರೆದ ಮುಂದಿನ ಕಚ್ಚು ಬರುವುದಕ್ಕೆ ಕೂದಲೆಳೆ ಮೊದಲು ಅಗುಳಿ ಮತ್ತೆ ಮೇಲೆದ್ದು, ಕಚ್ಚಿನ ಮುಂದಿರುವ ಇಳಿಜಾರಿನಲ್ಲಿ ಜಾರಿ, ಕುದುರೆ ಪೂರ್ತಿ ಹಿಂದೆ ನಿಲ್ಲುವ ಗಳಿಗೆಗೆ ಸರಿಯಾಗಿ ಕಚ್ಚಿಗೆ ಬೀಳುತ್ತದೆ. ಎರಡೂ ಸದ್ದು ಒಂದೇ ಸದ್ದಾಗಬೇಕು.

ನನ್ನದರಲ್ಲಿ ನಾಲ್ಕು ಗೂಡುಗಳಿಗೆ ಅಗುಳಿ ಮನಸ್ಸು ಬಂದರೆ ಏಳುತ್ತಿತ್ತು, ಇಲ್ಲವಾದರೆ ಸಿಲಿಂಡರ್ ಕಚ್ಚು ದಾಟಿ ಓಡುತ್ತಿತ್ತು. ಉಳಿದೆರಡಕ್ಕೆ ಕುದುರೆ ಪೂರ್ತಿ ಬಂದರೂ ಗೂಡು ನಳಿಗೆಯ ನೇರಕ್ಕೆ ಬರುತ್ತಲೇ ಇರಲಿಲ್ಲ. ಓಡುವುದು ಒಂದು ರೋಗ, ಮುಟ್ಟದಿರುವುದು ಇನ್ನೊಂದು. ಗೂಡು ನಳಿಗೆಯ ನೇರಕ್ಕಿಲ್ಲದಾಗ ಈಡು ಹಾರಿದರೆ ಸೀಸ ಅಂಚಿಗೆ ಹೊಡೆದು ಚೂರಾಗಿ ಪಕ್ಕಕ್ಕೆ ಚಿಮ್ಮುತ್ತದೆ. ಇಂಥದ್ದನ್ನು ಮೈದಾನಕ್ಕೆ ಒಯ್ಯುವ ಮಾತೇ ಇಲ್ಲ.

ಬಿಚ್ಚಿದೆ. ತಿರುಪುಗಳ ತಲೆಯ ಸೀಳು ಬಹಳ ಸಪೂರ. ಅಂಗಡಿಯ ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿದರೆ ಸೀಳಿನ ತುಟಿ ಎದ್ದುಬಿಡುತ್ತದೆ. ಹಾಗಾಗಿ ಒಂದರ ತುದಿಯನ್ನು ಸೀಳಿಗೆ ತಕ್ಕಂತೆ ಉಜ್ಜಿಕೊಂಡೆ. ತೆಗೆದ ತಿರುಪುಗಳನ್ನು ಹಲಗೆಯಲ್ಲಿ ಕೊರೆದ ತೂತುಗಳಿಗೆ, ರಿವಾಲ್ವರಿನ ಮೇಲೆ ಇದ್ದ ಜಾಗದಂತೆಯೇ ಚುಚ್ಚಿಟ್ಟೆ. ಟ್ರಿಗರಿಗೂ ಅಗುಳಿಗೂ ಒಂದೇ ಸ್ಪ್ರಿಂಗ್, ಎರಡು ಕಾಲಿನದು. ಅಗುಳಿಯ ಕಡೆಯ ಕಾಲು ಮುರಿದಿತ್ತು, ತುಂಡು ಎಣ್ಣೆಯಲ್ಲಿ ಅಂಟಿಕೊಂಡಿತ್ತು. ಮುರಿದ ಜಾಗವನ್ನು ಭೂತಗನ್ನಡಿಯ ಕೆಳಗೆ ಹಿಡಿದೆ. ಅಗಲದ ಮೂರರಲ್ಲಿ ಎರಡು ಪಾಲು ಕಪ್ಪು, ತುಕ್ಕು ಕುಡಿದು ಮಂಕಾದದ್ದು. ಉಳಿದ ಒಂದು ಪಾಲು ಹೊಸ ಬೆಳ್ಳಿಯ ಬಿಳುಪು. ಬಿರುಕು ಬಹಳ ಹಿಂದಿನದು. ಕೊನೆಯ ಬಿಳಿ ಪಾಲು ಮಾತ್ರ ನನ್ನ ಎರಡು ಹೆಬ್ಬೆರಳುಗಳ ಕೊಡುಗೆ. ನ್ಯಾಯ ಹಂಚಿಕೆಯಾಯಿತು ಎಂದುಕೊಂಡೆ.

ಗೂಡು ನೇರಕ್ಕೆ ಮುಟ್ಟದ ರೋಗಕ್ಕೆ ಬೆರಳು ಸವೆದಿರಬೇಕು ಎಂದು ಹಿರಿಯರ ಊಹೆ. ಹೊಸ ಬೆರಳು ತರಿಸಿ, ಉಜ್ಜಿ ಕೂರಿಸುವುದೆಂದರೆ ಮತ್ತೊಂದು ವಾರ. ಅದಕ್ಕೆ ಮೊದಲು ಬೆರಳು ಓಡಾಡುವ ಓಣಿಯನ್ನು ಸ್ವಚ್ಛ ಮಾಡೋಣವೆಂದು ಹಲ್ಲುಕಡ್ಡಿ ತೂರಿಸಿದೆ. ಏನೋ ಕೆರೆಯಿತು. ಚಿಮಟದಿಂದ ಎಳೆದೆ: ತಾಮ್ರದ ತಗಡು. ಸಿಡಿದ ಕೇಪಿನ ಚೂರು. ಕೇಪು ಸಿಡಿದಾಗ ಅದರ ಗೋಡೆ ಸೀಳಿ ಎಸಳುಗಳಾಗಿ ಬಿಚ್ಚಿಕೊಳ್ಳುತ್ತದೆ. ಅಂಥ ಒಂದು ಎಸಳು, ಅಕ್ಕಿಕಾಳಿನ ಅರ್ಧದಷ್ಟು, ಹಸಿರು ಕಿಲುಬು ಹಿಡಿದು ಓಣಿಯ ಗೋಡೆಗೆ ಒರಗಿಕೊಂಡಿತ್ತು. ಅದು ಬೆರಳನ್ನು ಹಿಂದಕ್ಕೆ ಒತ್ತಿ ಹಿಡಿದಿದ್ದರಿಂದ ಹಲ್ಲು ಸರಿಯಾಗಿ ಸಿಗುತ್ತಿರಲಿಲ್ಲ. ಅದರ ಹಿಂದೆ ಇನ್ನೂ ಎರಡು ಚೂರು. ಕೇಪಿನ ಚೂರು ಕುದುರೆಯ ಓಣಿಗೆ ಬೀಳುವುದು ಈ ವಿನ್ಯಾಸದ ಹುಟ್ಟುಗುಣ. ನೂರ ಎಪ್ಪತ್ತು ವರ್ಷಗಳಿಂದ ಎಲ್ಲರೂ ಅದನ್ನು ಬೈದುಕೊಂಡೇ ಬಳಸಿದ್ದಾರೆ. ಬೆರಳು ನೆಟ್ಟಗೇ ಇತ್ತು. ಚೂರುಗಳನ್ನು ಬೆಂಕಿಪೆಟ್ಟಿಗೆಯಲ್ಲಿ ಎತ್ತಿಟ್ಟೆ. ಹಿರಿಯರಿಗೆ ತೋರಿಸಿದಾಗ ಆ ಮನುಷ್ಯ ಮೊದಲ ಸಲ ನಕ್ಕರು.

ಹೊಸ ಸ್ಪ್ರಿಂಗ್ ಬಂತು, ಹಾಕಿದೆ. ಈಗ ಅಗುಳಿ ಹಟದಿಂದ ಏಳುತ್ತಿತ್ತು, ಆದರೆ ಎರಡು ಕಚ್ಚುಗಳಿಗೆ ಪೂರ್ತಿ ಇಳಿಯುತ್ತಿರಲಿಲ್ಲ. ಬೆಳಕಿಗೆ ಹಿಡಿದರೆ ಆ ಕಚ್ಚುಗಳ ಅಂಚು ಉಬ್ಬಿತ್ತು. ಓಡುವ ಸಿಲಿಂಡರನ್ನು ಅಗುಳಿ ತಡೆದು ತಡೆದು ಎದ್ದ ಬೊಕ್ಕೆ. ಸಿಲಿಂಡರಿನ ಮೈಮೇಲೆ ಸುತ್ತ ಒಂದು ಚಿತ್ರ ಕೆತ್ತಿರುತ್ತಾರೆ. 1843ರ ಮೇ 16ರಂದು ಮೆಕ್ಸಿಕೋ ಕರಾವಳಿಯ ಕ್ಯಾಂಪೆಚೆಯ ಹತ್ತಿರ, ಆಗ ಪ್ರತ್ಯೇಕ ದೇಶವಾಗಿದ್ದ ಟೆಕ್ಸಾಸಿನ ನೌಕಾಪಡೆ ಮೆಕ್ಸಿಕೋದ ಹಡಗುಗಳೊಡನೆ ಮಾಡಿದ ಕಾಳಗ ಅದು. ‘ನೇವಿ’ (ನೌಕಾಪಡೆ) ಎಂಬ ಹೆಸರು ಈ ಚಿತ್ರದಿಂದ ಅಂಟಿದ್ದು ಎನ್ನುತ್ತಾರೆ. ಪ್ರತಿಕೃತಿಯಲ್ಲೂ ಹಡಗು, ಹಾಯಿ, ಹೊಗೆ, ತಾರೀಖು ಎಲ್ಲ ಇವೆ. ಕಚ್ಚಿನಿಂದ ಕಚ್ಚಿಗೆ ಅಗುಳಿ ಕೆರೆದ ಗೆರೆಯೊಂದು ಮೈ ಸುತ್ತ ಬಳೆಯಂತೆ ಬಿದ್ದಿತ್ತು. ಬೊಕ್ಕೆಗಳನ್ನು ನಯವಾದ ಸಾಣೆಕಲ್ಲಿನಿಂದ ಮೂರು ಮೂರು ಎಳೆತಕ್ಕೆ ಇಳಿಸಿದೆ, ಕಚ್ಚಿನ ಗೋಡೆಯನ್ನು ಮುಟ್ಟಲಿಲ್ಲ. ತಿದ್ದುವುದೇನಿದ್ದರೂ ಅಗುಳಿಯನ್ನು, ಅದು ಕೆಟ್ಟರೆ ಹೊಸದು ಅಗ್ಗಕ್ಕೆ ಸಿಗುತ್ತದೆ, ಸಿಲಿಂಡರ್ ಕೆಟ್ಟರೆ ಕತೆ ಮುಗಿಯಿತು. ಅಗುಳಿಯ ಮೂತಿಗೂ ಎರಡು ಎಳೆತ ಬಿತ್ತು. ಬಳೆಯ ಗೆರೆ ಹಾಗೆಯೇ ಇದೆ.

ನೇರ ನೋಡಲು ಹಿರಿಯರು ನಳಿಗೆಯೊಳಗೆ ಸಲೀಸಾಗಿ ಜಾರುವ ಹಿತ್ತಾಳೆ ಸರಳೊಂದನ್ನು ಲೇತಿನಲ್ಲಿ ಕಡೆದುಕೊಟ್ಟರು. ಬರಿದಾದ ಸಿಲಿಂಡರ್, ಒಂದೊಂದೇ ಗೂಡು ಬಂದು ಅಗುಳಿ ಬಿದ್ದ ಮೇಲೆ, ನಳಿಗೆಯ ಬಾಯಿಂದ ಸರಳನ್ನು ಅದರ ಭಾರಕ್ಕೇ ಇಳಿಯಬಿಡುವುದು. ಐದು ಗೂಡುಗಳಿಗೆ ‘ಸರ್’ ಎಂದು ಇಳಿಯಿತು. ಆರನೆಯದಕ್ಕೆ ಬಾಯಲ್ಲಿ ಕೂದಲಷ್ಟು ತಡೆದು ಇಳಿಯಿತು. ಕಾರ್ಖಾನೆಯಲ್ಲಾದರೆ ಹಿಂದಕ್ಕೆ ಕಳುಹಿಸುತ್ತಿದ್ದೆ. ಇಲ್ಲಿ ಆ ಗೂಡಿನ ಹಿಂದೆ ಸಣ್ಣ ಚುಕ್ಕೆ ಹೊಡೆದು, ಅದನ್ನು ಬರಿದೇ ಬಿಟ್ಟು ಐದನ್ನೇ ತುಂಬುವುದೆಂದು ತೀರ್ಮಾನಿಸಿದೆ. ಕುದುರೆ ಬರಿದಾದ ಗೂಡಿನ ಮೇಲೆ ಕೂರುವುದು ಹೇಗೂ ಕ್ಷೇಮ.

ಸವರಲು ಜೇನುಮೇಣಕ್ಕೆ ಕೊಬ್ಬರಿ ಎಣ್ಣೆ ಬೆರೆಸಿದೆ. ಅಜ್ಜ ಕೋವಿಗೆ ಸವರುತ್ತಿದ್ದದ್ದು ಕೊಬ್ಬರಿ ಎಣ್ಣೆಯನ್ನೇ. ಅಕ್ಟೋಬರಿನ ಒಹಾಯೋದಲ್ಲಿ ಅದು ಡಬ್ಬಿಯಲ್ಲಿ ಕಲ್ಲಾಗಿ ಕುಳಿತಿತ್ತು, ಚಮಚದಿಂದ ಕೆರೆದು ತೆಗೆಯಬೇಕಾಯಿತು.

ಮೈದಾನದಲ್ಲಿ ಒಂದೊಂದು ಗೂಡಿಗೆ ಸುಮಾರು 1.3 ಗ್ರಾಂ ಮದ್ದು, 0.375 ಇಂಚಿನ ಗುಂಡು. ಸನ್ನೆ ಒತ್ತಿದಾಗ ಗುಂಡಿನ ಸುತ್ತಿನಿಂದ ಸೀಸದ ತೆಳ್ಳನೆಯ ಉಂಗುರ ಕತ್ತರಿಸಿ ಉದುರಿತು; ಗುಂಡು ಬಿಗಿಯಾಗಿ ಕೂತಿದೆ ಎಂಬುದಕ್ಕೆ ಅದೇ ಗುರುತು. ಗುಂಡಿನ ಮೇಲೆ ಮೇಣ ಮೆತ್ತಿದೆ. ಕೊನೆಗೆ ಕೇಪು. ಮೂರು ಈಡು ಸಲೀಸು. ನಾಲ್ಕನೆಯದಕ್ಕೆ ಕುದುರೆ ಅರ್ಧಕ್ಕೆ ನಿಂತಿತು. ಈ ಸಲ ಹೆಬ್ಬೆರಳು ಸೇರಿಸಲಿಲ್ಲ. ಮೂತಿಯನ್ನು ಗುರಿಯ ದಿಬ್ಬದ ಕಡೆಗೇ ಹಿಡಿದುಕೊಂಡು, ಚಿಮಟ ತೂರಿಸಿ ಎಳೆದೆ. ತಾಮ್ರದ ಎಸಳು, ಇನ್ನೂ ಬಿಸಿ. ಕುದುರೆ ಬಂತು, ಉಳಿದೆರಡು ಈಡೂ ಹಾರಿದವು. ಗುರಿಯ ಹಲಗೆಯ ವಿಷಯ ಬೇಡ.

ಮನೆಗೆ ಬಂದು ಬಿಚ್ಚುವಾಗ ಬೆಣೆಯ ಕೊಕ್ಕೆ ಒತ್ತಿ ಬಲಗಡೆಯಿಂದ ಹೆಬ್ಬೆರಳಿಟ್ಟೆ. ಹೊರಗೆ ಬಂತು. ಬಿಸಿನೀರಿನಲ್ಲಿ ಮಸಿ ಕರಗಿ ಕೊಳೆತ ಮೊಟ್ಟೆಯ ವಾಸನೆ ಅಡುಗೆಮನೆ ತುಂಬಿತು. ಹೆಂಡತಿ ಬಕೆಟ್ ಸಮೇತ ನನ್ನನ್ನು ಗ್ಯಾರೇಜಿಗೆ ಅಟ್ಟಿದಳು. ಅಲ್ಲಿಂದಲೇ ಅಪ್ಪಯ್ಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೆಣೆಯ ಬಗ್ಗೆ ಏನೂ ಕೇಳಲಿಲ್ಲ. ಕಳೆದ ಚುನಾವಣೆಯಲ್ಲಿ ಠಾಣೆಗೆ ಒಪ್ಪಿಸಿ ವಾಪಸು ತಂದ ಮೇಲೆ ಅಜ್ಜನ ಕೋವಿಯ ನಿಪ್ಪಲು ಕಚ್ಚಿಕೊಂಡು ಕುಳಿತಿದೆಯಂತೆ.

“ಎಣ್ಣೆ ಬಿಡಿ, ಎರಡು ದಿನ ಹಾಗೇ ಇಡಿ” ಎಂದೆ.

“ಎರಡು ತಿಂಗಳಿಂದ ಬಿಡುತ್ತಿದ್ದೇನೆ. ಡಿಸೆಂಬರಿನಲ್ಲಿ ಬರುವಾಗ ಆ ನಿನ್ನ ಸ್ಪ್ಯಾನರ್ ತೆಗೆದುಕೊಂಡು ಬಾ. ಕೊಡತಿ ತರಬೇಡ.”